ನಕ್ಷೆಗೂ ಒಂದು ಮಳೆಗಾಲ ಇರಲಿ

ಕಲ್ಪನೆಯ ಲೋಕವೊಂದನ್ನು ಕಟ್ಟಿ ಕಥೆ ಬರೆಯಲು ಹೊರಟ ನಮ್ಮ ಎಳೆಯರು ಕಥೆಗಿಂತ ಮೊದಲು ನಕ್ಷೆ ಬಿಡಿಸಲು ಕೂರುತ್ತಾರೆ. ಒಳ್ಳೆಯ ಅಭ್ಯಾಸವೇ. ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದು 1881ರಲ್ಲಿ ಬಿಡಿಸಿದ ಒಂದು ದ್ವೀಪದ ನಕ್ಷೆಯಿಂದ. ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದದ್ದು ನಕ್ಷೆಯನ್ನು ಎದುರಿಗಿಟ್ಟುಕೊಂಡೇ. 1954ರಲ್ಲಿ ಮೊದಲ ಸಂಪುಟ ಅಚ್ಚಾದಾಗ ಅದಕ್ಕೆ ನಕ್ಷೆಯನ್ನು ಅಂದವಾಗಿ ಬರೆದುಕೊಟ್ಟವರು ಅವರ ಮಗ ಕ್ರಿಸ್ಟೋಫರ್. ಆದರೆ ನಮ್ಮ ಎಳೆಯರ ಹಾಳೆಗಳನ್ನು ನೋಡಿದರೆ ಉತ್ತರಕ್ಕೆ ಹಿಮ, ನಡುವೆ ಪೈನ್ ಮರಗಳ ಕಾಡು, ಗುಡ್ಡದ ನೆತ್ತಿಗೆ ಚೂಪು ತುದಿಯ ಕೋಟೆ, ಮೂಲೆಯಲ್ಲಿ ಕತ್ತಲ ರಾಜ್ಯ. ಊರುಗಳ ಹೆಸರು ಮಾತ್ರ ಇಂದ್ರಗಿರಿ, ನಾಗಾವತಿ. ಇಂಕಾರ್ನೇಟ್, ವಂಡರ್‌ಡ್ರಾಫ್ಟ್‌ನಂಥ ತಂತ್ರಾಂಶಗಳು ಕೈಗಿಡುವ ಸಿದ್ಧ ಚಿತ್ರಗಳಲ್ಲಿ ಹೆಚ್ಚಿನವು ಯುರೋಪಿನ ಮಧ್ಯಯುಗದವು. ಹಾಗಾಗಿ ಬೆರಳು ಅತ್ತಲೇ ಹೋಗುವುದು ಸಹಜ.

ಟೋಲ್ಕಿನ್ ಬಿಡಿಸಿದ್ದು ತಾವು ಬಲ್ಲ ನೆಲವನ್ನು. ಹಾಬಿಟ್‌ಗಳು ಬದುಕುವ ಶೈರ್, ಅವರು ಬಾಲ್ಯದಲ್ಲಿ ಕಂಡ ಇಂಗ್ಲೆಂಡಿನ ಹಳ್ಳಿಗಾಡೇ. ಅವರಿಂದ ನಾವು ಎರವಲು ಪಡೆಯಬೇಕಾದದ್ದು ಆ ಹಿಮವನ್ನಲ್ಲ, ತನ್ನ ನೆಲವನ್ನು ಅಷ್ಟು ಹತ್ತಿರದಿಂದ ನೋಡುವ ಕ್ರಮವನ್ನು. ಭಾರತದ ನೆಲದಿಂದ ಹುಟ್ಟುವ ಕಲ್ಪನಾ ನಕ್ಷೆಗೆ ಗೋಪುರ, ಕಮಲ, ಆನೆಗಳ ಅಲಂಕಾರ ಸಾಲದು. ನಕ್ಷೆಯ ಕಟ್ಟಳೆಗಳೇ ಇಲ್ಲಿಯವಾಗಬೇಕು. ಮಳೆ ಯಾವ ದಿಕ್ಕಿನಿಂದ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಗಡಿಯನ್ನು ಯಾರು ಕಾಯುತ್ತಾರೆ, ಯಾರು ಯಾವ ಬೀದಿಯವರೆಗೆ ನಡೆಯಬಹುದು – ಇಷ್ಟು ತೀರ್ಮಾನವಾದರೆ ಅಲಂಕಾರ ತಾನಾಗಿ ಬರುತ್ತದೆ.

ಮೊದಲು ಗಾಳಿ ಮತ್ತು ಗೋಡೆ. ಪಶ್ಚಿಮ ಘಟ್ಟವನ್ನೇ ನೋಡಿ. ಸುಮಾರು 1600 ಕಿ.ಮೀ. ಉದ್ದದ ಈ ಗೋಡೆಗೆ ನೈಋತ್ಯದ ಗಾಳಿ ಬಡಿದು ತನ್ನ ಹೊರೆಯನ್ನೆಲ್ಲ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿದರೆ, ಅಲ್ಲಿಂದ ನೇರ ಗೆರೆಯಲ್ಲಿ ಇನ್ನೂರು ಕಿ.ಮೀ. ಒಳಗೇ ಇರುವ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಒಂದೇ ದಿನದ ಬಸ್ ಪ್ರಯಾಣದಲ್ಲಿ ಕಾಳಿಂಗ ಸರ್ಪದ ಕಾಡಿನಿಂದ ಕುರಿಮಂದೆಯ ಕುರುಚಲು ಬಯಲಿಗೆ ಬಂದುಬಿಡಬಹುದು. ಕಲ್ಪನೆಯ ನಾಡಿನಲ್ಲಿ ಎರಡು ರಾಜ್ಯಗಳಿಗೆ ಎರಡು ಸ್ವಭಾವ ಬೇಕೆಂದರೆ ಸಾವಿರಾರು ಮೈಲಿ ಹರಡಿದ ಭೂಖಂಡ ಬೇಕಿಲ್ಲ, ನಡುವೆ ಒಂದು ಘಟ್ಟ ಸಾಕು. ಆಚೆ ಹೆಂಚಿನ ಇಳಿಜಾರು ಮಾಡು, ಈಚೆ ಮಣ್ಣಿನ ಮಾಳಿಗೆ, ಆಚೆ ಅನ್ನ, ಈಚೆ ಮುದ್ದೆ, ದೇವರುಗಳೂ ಬೇರೆ. ಕರಾವಳಿ ಮತ್ತು ಮಲೆನಾಡಿನವರ ಮಾತಿನಲ್ಲಿ ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎನ್ನುವುದು ಎರಡು ದಿಕ್ಕುಗಳೇ ಆಗಿವೆ. ನಿಮ್ಮ ನಕ್ಷೆಯಲ್ಲೂ ಅವು ದಿಕ್ಕುಗಳಾಗಲಿ.

ಘಟ್ಟ ಬಿದ್ದ ಮೇಲೆ ನದಿಗಳು ಯಾರ ಇಷ್ಟದಂತೆಯೂ ಹರಿಯಲಾರವು. ಪಡುವಣಕ್ಕೆ ಇಳಿಯುವವು ಗಿಡ್ಡ, ರಭಸದವು. ಶರಾವತಿ ಜೋಗದಲ್ಲಿ 253 ಮೀಟರ್ ಒಮ್ಮೆಗೇ ಧುಮುಕುತ್ತಾಳೆ. ಮೂಡಣಕ್ಕೆ ಹೊರಟವು ದೂರದ ಪಯಣಿಗರು. ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿದ ಕಾವೇರಿ ಅದಕ್ಕೆ ಬೆನ್ನು ತಿರುಗಿಸಿ ಸುಮಾರು 800 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ತುಂಗೆ, ಭದ್ರೆ ಒಂದೇ ಗುಡ್ಡದ ಮಗ್ಗುಲಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಮತ್ತೆ ಒಂದಾಗುತ್ತವೆ. ಇದರಲ್ಲೇ ಒಂದು ಕಾದಂಬರಿಯಿದೆ. ನಕ್ಷೆ ಬಿಡಿಸುವ ಹೊಸಬರು ಸಾಮಾನ್ಯವಾಗಿ ಒಂದು ನದಿಯನ್ನು ನಡುನಾಡಿನಲ್ಲಿ ಎರಡಾಗಿ ಸೀಳಿ ಎರಡು ಕಡಲಿಗೆ ಕಳಿಸುತ್ತಾರೆ. ನದಿಗಳು ಕೂಡುತ್ತವೆ, ಕವಲೊಡೆಯುವುದು ಕಡಲ ಬಳಿಯ ಮುಖಜ ಭೂಮಿಯಲ್ಲಿ, ಇಲ್ಲವೇ ದ್ವೀಪವನ್ನು ತಬ್ಬಿಕೊಂಡು ಮತ್ತೆ ಸೇರಲಿಕ್ಕೆ.

ಆ ದ್ವೀಪಗಳ ವಿಷಯದಲ್ಲಿ ಕಾವೇರಿ ನಮಗೆ ಒಂದು ದೊಡ್ಡ ಪಾಠ ಇಟ್ಟಿದ್ದಾಳೆ. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ – ಮೂರು ಕಡೆ ಆಕೆ ಕವಲೊಡೆದು ದ್ವೀಪ ಕಟ್ಟಿದ್ದಾಳೆ, ಮೂರರಲ್ಲೂ ರಂಗನಾಥ ಮಲಗಿದ್ದಾನೆ. ಆದಿರಂಗ, ಮಧ್ಯರಂಗ, ಅಂತ್ಯರಂಗ. ಎರಡು ರಾಜ್ಯಗಳ ಉದ್ದಕ್ಕೂ ಹರಿಯುವ ನದಿಯೊಂದನ್ನು ಮೂರು ಹೆಸರುಗಳು ಒಂದೇ ದಾರದಲ್ಲಿ ಪೋಣಿಸಿವೆ. ನಮ್ಮ ಪವಿತ್ರ ಸ್ಥಳಗಳು ಒಂಟಿಯಾಗಿ ನಿಲ್ಲುವುದು ಅಪರೂಪ. ಅವು ಸಾಲಾಗಿ, ಜೋಡಿಯಾಗಿ, ಐದೈದಾಗಿ ಇರುತ್ತವೆ. ಒಂದನ್ನು ನೋಡಿದವರು ಮುಂದಿನದಕ್ಕೆ ಹೊರಡಲೇಬೇಕು. ಪ್ರಯಾಣದ ಕಥೆ ಬರೆಯುವವರಿಗೆ ನಾಯಕ ಏಕೆ ಹೊರಟ ಎಂಬ ಪ್ರಶ್ನೆಗೆ ನಕ್ಷೆಯೇ ಕಾರಣ ಕೊಡುತ್ತದೆ. ಇನ್ನು ಪ್ರಯಾಗದ ಸಂಗಮದಲ್ಲಿ ಎರಡು ನದಿ ಕಣ್ಣಿಗೆ ಕಾಣುತ್ತವೆ, ಮೂರನೆಯ ಸರಸ್ವತಿ ಕಾಣುವುದಿಲ್ಲ. ಆದರೂ ಜನ ಅದನ್ನು ತ್ರಿವೇಣಿ ಎಂದೇ ಕರೆದು ಮೀಯುತ್ತಾರೆ. ಕಾಣದ ನದಿಗೂ ಗೆರೆ ಬೇಕಾಗುವ ನಕ್ಷೆ ನಮ್ಮದು. ಚುಕ್ಕಿ ಗೆರೆ ಎಳೆಯಿರಿ, ಆದರೆ ಬಿಡಬೇಡಿ.

ಇನ್ನು ನಾನು ಅತಿ ಮುಖ್ಯವೆಂದು ನಂಬಿರುವ ಮಾತು. ನಮ್ಮ ನಾಡಿಗೆ ಒಂದು ಹಾಳೆಯ ನಕ್ಷೆ ಸಾಲದು, ಕನಿಷ್ಠ ಎರಡು ಬೇಕು. ಬೇಸಿಗೆಯಲ್ಲಿ ಎತ್ತಿನ ಗಾಡಿ ದಾಟುವ ಹೊಳೆ ಆರಿದ್ರಾ ಮಳೆಯಲ್ಲಿ ಆನೆಯನ್ನೂ ಒಯ್ಯುತ್ತದೆ. ಕಛ್‌ನ ರಣ ವರ್ಷದ ಕೆಲವು ತಿಂಗಳು ನೀರು, ಉಳಿದ ತಿಂಗಳು ಬಿಳಿ ಉಪ್ಪಿನ ಬಯಲು. ಅದನ್ನು ಕಡಲೆಂದು ಬರೆದರೂ ತಪ್ಪು, ಮರಳುಗಾಡೆಂದು ಬರೆದರೂ ತಪ್ಪು. 1819ರ ಭೂಕಂಪದಲ್ಲಿ ಅಲ್ಲಿ ಉದ್ದನೆಯ ದಿಬ್ಬವೊಂದು ಮೇಲೆದ್ದಿತು. ಯಾರೂ ಕಟ್ಟದ ಆ ಒಡ್ಡನ್ನು ಜನ ‘ಅಲ್ಲಾ ಬಂದ್’ ಎಂದರು. ಅದೇ ಹೊತ್ತಿಗೆ ಸಿಂದ್ರಿಯ ಕೋಟೆ ನೀರಿಗಿಳಿಯಿತು. ಬಿಹಾರದ ಕೋಸಿ ನದಿ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ನೂರು ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕೆ ಸರಿದಿದೆ. ನದಿಯನ್ನೇ ಗಡಿಯಾಗಿಟ್ಟುಕೊಂಡ ಎರಡು ಅರಸುಮನೆಗಳು ನಿಮ್ಮ ಕಥೆಯಲ್ಲಿದ್ದರೆ, ಆ ನದಿ ಒಂದು ರಾತ್ರಿ ಹಾಸಿಗೆ ಬದಲಿಸಿದಾಗ ಏನಾಗಬಹುದು, ಯೋಚಿಸಿ.

ಕಾಲವನ್ನು ನಕ್ಷೆಯೊಳಕ್ಕೆ ತರಲು ರೈತರ ಪಂಚಾಂಗಕ್ಕಿಂತ ಒಳ್ಳೆಯ ಸಾಧನ ಕಾಣೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಹೀಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆ, ಒಂದೊಂದಕ್ಕೆ ಒಂದೊಂದು ಸ್ವಭಾವ. ಘಟ್ಟದ ದಾರಿಯ ಪಕ್ಕ ‘ಪುನರ್ವಸುವಿನಿಂದ ಉತ್ತರೆಯವರೆಗೆ ಮುಚ್ಚಿದೆ’ ಎಂದು ಬರೆದುಬಿಟ್ಟರೆ ಕಥೆಗೆ ಗಡುವು ಸಿಕ್ಕಿತು. ಮಳೆಗಾಲದ ನಾಲ್ಕು ತಿಂಗಳು ಸನ್ಯಾಸಿಗಳು ಒಂದೇ ಕಡೆ ನಿಲ್ಲುತ್ತಿದ್ದರು, ಅದು ಚಾತುರ್ಮಾಸ್ಯ. ಸೈನ್ಯಗಳೂ ನಿಲ್ಲುತ್ತಿದ್ದವು, ವಿಜಯದಶಮಿಯಂದು ಅರಸರು ಸೀಮೋಲ್ಲಂಘನ ಮಾಡಿ ದಂಡಯಾತ್ರೆಗೆ ಹೊರಡುತ್ತಿದ್ದುದು ಹೊಳೆಗಳು ಇಳಿದು ದಾರಿ ಒಣಗುವ ಹೊತ್ತಿಗೆ. ಗುಜರಾತಿನ ಶತ್ರುಂಜಯ ಬೆಟ್ಟದ ಯಾತ್ರೆಯೂ ಮಳೆಗಾಲದಲ್ಲಿ ನಿಂತು ಕಾರ್ತಿಕ ಹುಣ್ಣಿಮೆಗೆ ಮತ್ತೆ ತೆರೆಯುತ್ತದೆ. ಆ ದಿನ ಅಲ್ಲಿಗೆ ಹೋಗಲಾಗದ ಜೈನರು ತಮ್ಮೂರಿನಲ್ಲೇ ಬೆಟ್ಟದ ದೊಡ್ಡ ಬಟ್ಟೆಯ ಪಟವನ್ನು ತೂಗುಹಾಕಿ ಅದಕ್ಕೇ ಕೈಮುಗಿಯುತ್ತಾರೆ. ನಕ್ಷೆ ನೋಡುವುದೇ ಯಾತ್ರೆಯಾಗುವ ಸಂಪ್ರದಾಯ ಇದು.

ಕಡಲಿಗೂ ಇದೇ ನಿಯಮ. ನೈಋತ್ಯದ ಗಾಳಿ ಹಡಗುಗಳನ್ನು ಅರಬ್ಬರ ತೀರದಿಂದ ಇತ್ತ ತರುತ್ತದೆ, ಈಶಾನ್ಯದ ಗಾಳಿ ಮರಳಿ ಒಯ್ಯುತ್ತದೆ. ಬಂದ ವರ್ತಕ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗೆ ಕಾದವರಿಗೆ ಮನೆ, ಮಸೀದಿ, ಮದುವೆ ಎಲ್ಲವೂ ಆ ಬಂದರಿನಲ್ಲೇ ಆದವು. ಭಟ್ಕಳ, ಹೊನ್ನಾವರ, ಬಸರೂರಿನಂಥ ಊರುಗಳ ಹಲವು ಬಣ್ಣದ ಬದುಕನ್ನು ಗಾಳಿಯ ಈ ಲೆಕ್ಕವಿಲ್ಲದೆ ಅರ್ಥ ಮಾಡಿಕೊಳ್ಳಲಾಗದು. ಘಟ್ಟದ ಮೆಣಸು ಕೆಳಗಿಳಿಯಿತು, ಕಡಲ ಉಪ್ಪು ಮೇಲೇರಿತು, ವಿಜಯನಗರದ ಲಾಯಕ್ಕೆ ಅರಬ್ಬೀ ಕುದುರೆಗಳೂ ಇದೇ ದಾರಿ ಹಿಡಿದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ: ಬಂದರನ್ನೂ ಘಟ್ಟದ ದಾರಿಯನ್ನೂ ಹಿಡಿದವರು ರಾಜ್ಯವನ್ನೇ ಹಿಡಿದಂತೆ. ನಿಮ್ಮ ನಾಡಿನ ರಾಜಧಾನಿಯನ್ನು ಚೆಂದ ಕಂಡಲ್ಲಿ ಇಡಬೇಡಿ. ಸುಂಕದ ಕಟ್ಟೆ ಎಲ್ಲಿ ಬರಬೇಕೆಂದು ನೋಡಿ, ಅರಮನೆ ಅಲ್ಲಿಂದ ದೂರ ಇರುವುದಿಲ್ಲ.

ಬಯಲುಸೀಮೆಗೆ ಬಂದರೆ ನಕ್ಷೆಯ ಜೀವ ಇರುವುದು ಕೆರೆಯಲ್ಲಿ. ದಕ್ಷಿಣದ ಪ್ರಸ್ಥಭೂಮಿಯಲ್ಲಿ ತಾನಾಗಿ ಉಂಟಾದ ಸರೋವರಗಳು ತೀರ ಕಡಿಮೆ. ನಾವು ಕೆರೆ ಎನ್ನುವುದೆಲ್ಲ ಬಹುಮಟ್ಟಿಗೆ ಮನುಷ್ಯರು ಕಟ್ಟಿದ್ದು. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ, ಅದರ ಕೋಡಿ ಹರಿದರೆ ಅದಕ್ಕೂ ಕೆಳಗಿನದು. ಹೀಗೆ ಒಂದು ಕಣಿವೆಯ ಹತ್ತಾರು ಊರುಗಳು ಒಂದೇ ನೀರಿನ ಸರಪಳಿಯಲ್ಲಿ ಕಟ್ಟಿಕೊಂಡಿವೆ. ಮೇಲಿನ ಊರಿನವರು ಕೋಡಿಯನ್ನು ಒಂದು ಗೇಣು ಎತ್ತರಿಸಿದರೆ ಅವರಿಗೆ ಇನ್ನೊಂದು ಬೆಳೆ, ಕೆಳಗಿನವರಿಗೆ ಬರ. ಇಷ್ಟು ಸಾಕಲ್ಲವೇ ಜಗಳಕ್ಕೆ? ಕತ್ತಲ ಲೋಕದ ಖಳನೊಬ್ಬನನ್ನು ಕರೆತರುವ ಅಗತ್ಯವೇ ಇಲ್ಲ. ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ನಮ್ಮ ಕಲ್ಪನಾ ಸಾಹಿತ್ಯದಲ್ಲಿ ನಾಯಕನನ್ನಾಗಿ ನೋಡುವ ಆಸೆ ನನಗಿದೆ. ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿದವರಿಗೂ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಭೂಮಿ ಬಿಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ನೀರು ನಿಲ್ಲಲೆಂದು ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟದ್ದನ್ನು ‘ಕೆರೆಗೆ ಹಾರ’ದ ಜನಪದ ಕಥನ ಹೇಳುತ್ತದೆ. ಒಂದು ಕೆರೆಯ ಗುರುತಿನ ಹಿಂದೆ ಲೆಕ್ಕಪತ್ರವೂ ಇದೆ, ಒಬ್ಬ ಹೆಣ್ಣುಮಗಳ ಸಾವೂ ಇದೆ.

ದಂತಕಥೆಯನ್ನು ನಕ್ಷೆಯ ಅಂಚಿನ ಅಲಂಕಾರವಾಗಿ ಬಳಸುವವರಿಗೆ ತಲಕಾಡನ್ನು ನೋಡಿ ಎನ್ನುತ್ತೇನೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂದು ಅಲಮೇಲಮ್ಮ ಶಾಪ ಹಾಕಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಆ ಶಾಪದ ಮೊದಲೆರಡು ಭಾಗ ಅಪ್ಪಟ ಭೂಗೋಳ: ಒಂದು ದಂಡೆಯಲ್ಲಿ ಮರಳು ಪೇರುತ್ತದೆ, ಎದುರು ದಂಡೆಯನ್ನು ನದಿ ಕೊರೆದು ಮಡುವು ಮಾಡುತ್ತದೆ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇಗುಲವನ್ನು ಆ ಮರಳಿನಡಿಯಿಂದ ಅಗೆದು ತೆಗೆಯಬೇಕಾಯಿತು. ವಿಜಯನಗರದ ಕಾಲದಲ್ಲಿ ಮೇಲ್ಗಡೆ ಅಣೆಕಟ್ಟು ಕಟ್ಟಿದ್ದರಿಂದ ನದೀಪಾತ್ರದ ಮರಳು ಬಯಲಾಗಿ ಗಾಳಿಗೆ ಹಾರಿರಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಎರಡೂ ವಿವರಣೆ ಒಂದೇ ನೆಲದ ಮೇಲೆ ನಿಂತಿವೆ. ಕಲ್ಪನೆಯ ನಾಡಿನ ಶಾಪವೂ ಹೀಗೇ ಇರಬೇಕು, ನೆಲದ ಮೇಲೆ ಬೆರಳಿಟ್ಟು ತೋರಿಸುವಂತೆ. ಹಂಪಿಯ ಸುತ್ತಲಿನ ಪಂಪಾ ಸರೋವರ, ಮಾತಂಗ ಬೆಟ್ಟ, ಅಂಜನಾದ್ರಿಗಳು ರಾಮಾಯಣದ ಕಿಷ್ಕಿಂಧೆಯನ್ನು ತುಂಗಭದ್ರೆಯ ಬಂಡೆಗಳ ಮೇಲೆ ಹರಡಿವೆ. ವಿಜಯನಗರದ ರಾಜಧಾನಿ ಆ ಹಳೆಯ ನಕ್ಷೆಯ ಮೇಲೇ ಎದ್ದಿತು.

ನಮ್ಮಲ್ಲಿ ನಕ್ಷೆಯ ಪರಂಪರೆಯೇ ಇರಲಿಲ್ಲ, ಬ್ರಿಟಿಷರ ಸರ್ವೆಯಿಂದ ಕಲಿತೆವು ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ಸರಿಯಲ್ಲ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ಬರೆದ ‘ತ್ರಿಲೋಕಸಾರ’ ಇಡೀ ವಿಶ್ವದ ಅಳತೆಪುಸ್ತಕ. ನಡುವೆ ಮೇರು, ಸುತ್ತ ಜಂಬೂದ್ವೀಪ, ಅದನ್ನು ಸುತ್ತುವರಿದ ಉಪ್ಪು ಕಡಲು, ಅದರಾಚೆ ಇನ್ನೊಂದು ದ್ವೀಪದ ಬಳೆ, ಮತ್ತೆ ಕಡಲು. ಜೈನರ ಅಢಾಯಿ ದ್ವೀಪದ ಪಟಗಳಲ್ಲಿ ಮೂರನೆಯ ದ್ವೀಪದ ನಟ್ಟನಡುವೆ ಮಾನುಷೋತ್ತರ ಪರ್ವತ ಬರುತ್ತದೆ. ಮನುಷ್ಯ ಅದರಾಚೆ ಹೋಗಲಾರ. ನಕ್ಷೆಯ ಅಂಚು ಎಲ್ಲಿ ಎಂಬುದಕ್ಕೆ ಇದಕ್ಕಿಂತ ಚೆಲುವಾದ ಉತ್ತರ ನಾನು ಕಂಡಿಲ್ಲ. ಪುರಿಯ ಯಾತ್ರಾಪಟಗಳು ಇಡೀ ಕ್ಷೇತ್ರವನ್ನು ಶಂಖದ ಆಕಾರದಲ್ಲಿ ತೋರಿಸುತ್ತವೆ. 1711ರ ಸುಮಾರಿನ ಆಮೇರ್ ಪಟ್ಟಣದ ಬಟ್ಟೆಯ ನಕ್ಷೆ ಆರು ಮೀಟರಿಗೂ ಅಗಲ. ಇಂಥ ನಕ್ಷೆಗಳಲ್ಲಿ ಬೀದಿಯನ್ನು ಮೇಲಿನಿಂದ ನೋಡಿದಂತೆ ಬರೆದು, ಮನೆ ಗುಡಿಗಳನ್ನು ಎದುರಿನಿಂದ ನೋಡಿದಂತೆ ಇಕ್ಕೆಲಕ್ಕೂ ಒರಗಿಸುತ್ತಾರೆ. ಒಂದೇ ಕಡೆ ನಿಂತು ನೋಡುವ ಕಣ್ಣಿಗೆ ಅಲ್ಲಿ ಜಾಗವಿಲ್ಲ. ನೋಡುವವರು ಹಾಳೆಯನ್ನು ತಿರುಗಿಸುತ್ತ ಬೀದಿಯಲ್ಲಿ ನಡೆಯಬೇಕು. ಹದಿನೆಂಟನೆಯ ಶತಮಾನದ ಒಂದು ಮೊಘಲ್ ದಾರಿನಕ್ಷೆ ದೆಹಲಿಯಿಂದ ಕಂದಹಾರದವರೆಗಿನ ಊರು, ಸೇತುವೆ, ಸರಾಯಿಗಳನ್ನು ಸುಮಾರು 20 ಮೀಟರ್ ಉದ್ದದ ಸುರುಳಿಯಲ್ಲಿ ಬಿಚ್ಚಿಡುತ್ತದೆ. ಕಲಾವಿದರಾದವರು ಈ ಕ್ರಮಗಳನ್ನು ಧೈರ್ಯವಾಗಿ ಎತ್ತಿಕೊಳ್ಳಲಿ. ಮೂಲೆಯ ದಿಕ್ಸೂಚಿಯ ಜಾಗದಲ್ಲಿ ನಮ್ಮ ದೇಗುಲಗಳ ಒಳಮಾಡಿನ ಅಷ್ಟದಿಕ್ಪಾಲಕರು ಬರಲಿ – ಮೂಡಣಕ್ಕೆ ಆನೆಯ ಮೇಲೆ ಇಂದ್ರ, ತೆಂಕಣಕ್ಕೆ ಕೋಣನ ಮೇಲೆ ಯಮ, ಪಡುವಣಕ್ಕೆ ಮಕರದ ಮೇಲೆ ವರುಣ. ಅಳತೆಗೆ ಮೈಲಿ ಬೇಡ. ಹರದಾರಿ, ಗಾವುದ, ಕೂಗಳತೆ ಇವೆ. 2022ರ ‘ಕಾಂತಾರ’ ಚಿತ್ರದಲ್ಲಿ ಅರಸ ಬಿಟ್ಟುಕೊಡುವ ಭೂಮಿಯ ಗಡಿ ದೈವದ ಕೂಗು ಕೇಳಿಸುವಷ್ಟು ದೂರ. ಕೂಗಿನಿಂದ ಅಳೆದ ಗಡಿಗೆ ಗಾಳಿ ಬೀಸುವ ದಿಕ್ಕೂ ಸಾಕ್ಷಿಯಾಗುತ್ತದೆ.

ಮಾತಿನಲ್ಲೇ ನಕ್ಷೆ ಬರೆದವರೂ ನಮ್ಮಲ್ಲಿದ್ದಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿ ಗೋದಾವರಿಗಳ ನಡುವೆ ಕನ್ನಡ ನಾಡನ್ನು ಇಟ್ಟು, ಅದರೊಳಗೆ ತಿರುಳುಗನ್ನಡದ ನಾಲ್ಕು ಊರುಗಳನ್ನು ಗುರುತಿಸುತ್ತದೆ. ಸಂಗಂ ತಮಿಳರು ನೆಲವನ್ನು ಕುರಿಂಜಿ, ಮುಲ್ಲೈ, ಮರುದಂ, ನೆಯ್ದಲ್, ಪಾಲೈ ಎಂದು ಐದಾಗಿಸಿ, ಒಂದೊಂದಕ್ಕೆ ಒಂದು ಹೂವು, ಒಂದು ಹೊತ್ತು, ಪ್ರೀತಿಯ ಒಂದು ಅವಸ್ಥೆಯನ್ನು ಕೊಟ್ಟರು: ಬೆಟ್ಟದಲ್ಲಿ ಕೂಟ, ಕಡಲ ತಡಿಯಲ್ಲಿ ಹಂಬಲ. ಆರ್.ಕೆ. ನಾರಾಯಣ್ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ತೆರೆದ ಮಾಲ್ಗುಡಿಯಲ್ಲಿ ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರಸ್ತೆಗಳು ಪುಸ್ತಕದಿಂದ ಪುಸ್ತಕಕ್ಕೆ ಗಟ್ಟಿಯಾಗುತ್ತ ಹೋದವು. ಎಷ್ಟೆಂದರೆ ಜೇಮ್ಸ್ ಫೆನೆಲಿ ಎಂಬ ವಿದ್ವಾಂಸರಿಗೆ ಕಥೆಗಳೊಳಗಿನ ವಿವರ ಹೆಕ್ಕಿಯೇ ಆ ಊರಿನ ನಕ್ಷೆ ಬಿಡಿಸಲು ಸಾಧ್ಯವಾಯಿತು. ಚಂದ್ರಶೇಖರ ಕಂಬಾರರ ಶಿವಾಪುರಕ್ಕೆ ಅಂಥದೊಂದು ನಕ್ಷೆ ಯಾರಾದರೂ ಬಿಡಿಸಬೇಕು.

ಊರಿನೊಳಕ್ಕೆ ಬಂದಾಗ ಸತ್ಯ ಹೇಳಬೇಕಾದ ಹೊತ್ತು. ಮದುರೆಯಲ್ಲಿ ಗುಡಿಯ ಸುತ್ತ ಚೌಕವಾಗಿ ಬೀದಿಗಳು, ಅವುಗಳಿಗೆ ಆಡಿ, ಚಿತ್ತಿರೈ, ಮಾಸಿ ಎಂದು ತಿಂಗಳ ಹೆಸರು. ರಥ ತಿರುಗಲು ಬೇಕಾದಷ್ಟು ಅಗಲ. ಇದೆಲ್ಲ ಬಿಡಿಸಲು ಸುಂದರ. ಆದರೆ ನಮ್ಮ ಊರುಗಳಲ್ಲಿ ಕೇರಿಗಳಿದ್ದವು, ಈಗಲೂ ಇವೆ. ಊರ ಮುಂದಿನ ಬಾವಿ ಯಾರದು, ಯಾರು ಹಳ್ಳದ ನೀರು ತರಬೇಕಿತ್ತು, ಗುಡಿಯ ಯಾವ ಮೆಟ್ಟಿಲಿನವರೆಗೆ ಯಾರಿಗೆ ಪ್ರವೇಶ – ಇವೂ ಗಡಿಗಳೇ, ಕೋಟೆಯ ಗೋಡೆಗಿಂತ ಗಟ್ಟಿಯಾದವು. 1927ರಲ್ಲಿ ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ಕಣ್ಣಿಗೆ ಕಾಣದ ಅಂಥ ಒಂದು ಗೆರೆಯನ್ನು ದಾಟಿದ ಹೆಜ್ಜೆ. ಭಾರತದ ಹೆಸರಿನಲ್ಲಿ ಕಲ್ಪನಾ ಲೋಕ ಕಟ್ಟಿ ಈ ಗೆರೆಗಳನ್ನು ಅಳಿಸಿಬಿಡುವವರು ಅಂದದ ಚಿತ್ರ ಬಿಡಿಸಬಹುದು, ನಾಡನ್ನು ಕಟ್ಟಲಾರರು. ಗೆರೆಗಳೇ ಇಲ್ಲದ ನಾಡನ್ನು ಕಲ್ಪಿಸುವುದಕ್ಕೂ ನಿಮಗೆ ಹಕ್ಕಿದೆ. ಆಗ ಅವು ಹೇಗೆ ಇಲ್ಲವಾದವು ಎಂಬುದು ಕಥೆಯಲ್ಲಿರಬೇಕು. ಹಾಗೆಯೇ ಕಾಡನ್ನು ಹಸಿರು ಬಳಿದು ಖಾಲಿ ಬಿಡಬೇಡಿ. ಕೊಡಗು ಒಂದರಲ್ಲೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಪ್ರತಿಯೊಂದಕ್ಕೂ ಒಬ್ಬ ದೇವರು, ಕೊಡಲಿಗೆ ಒಂದು ಕಟ್ಟಳೆ. ಕಾಡಿನಲ್ಲಿ ಬದುಕುವ ಸೋಲಿಗರು, ಜೇನುಕುರುಬರು ಒಂದೊಂದು ತಾಣಕ್ಕೂ ಹೆಸರಿಟ್ಟಿದ್ದಾರೆ.

ಬರೆಯಲು ಹೊರಟ ಎಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ತಂತ್ರಾಂಶ ತೆರೆಯುವ ಮೊದಲು ನಿಮ್ಮ ತಾಲ್ಲೂಕಿನ ನಕ್ಷೆ ತೆಗೆದುಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಗಳನ್ನು 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಕೆರೆಗಳನ್ನು ಹುಡುಕಿ, ಒಂದರ ಕೋಡಿ ಇನ್ನೊಂದಕ್ಕೆ ಹೇಗೆ ಹರಿಯುತ್ತದೆಂದು ಪೆನ್ಸಿಲಿನಿಂದ ಎಳೆಯಿರಿ. ಊರಿನ ಗಡಿಕಲ್ಲು, ಗ್ರಾಮದೇವತೆಯ ಗುಡಿ, ಹಳೆಯ ಸಂತೆಯ ಮಾಳ, ಈಗ ಯಾರೂ ನಡೆಯದ ಕಾಲುದಾರಿ ಎಲ್ಲೆಲ್ಲಿ ಎಂದು ಅಜ್ಜಿಯನ್ನೋ ಊರಿನ ಹಿರಿಯರನ್ನೋ ಕೇಳಿ ಗುರುತು ಹಾಕಿಕೊಳ್ಳಿ. ಕೇರಿಯ ಹಿರಿಯರನ್ನೂ ಕೇಳಿ, ಅವರು ತೋರಿಸುವ ಊರು ಬೇರೆಯೇ ಇರುತ್ತದೆ. ಆಮೇಲೆ ಹೊಸ ಹಾಳೆ ತೆಗೆದು ನಿಮ್ಮ ನಾಡನ್ನು ಬಿಡಿಸಿ, ಅದು ಯಾವ ಮಳೆಯಲ್ಲಿ ಕಂಡ ನಾಡೆಂದು ಮೂಲೆಯಲ್ಲಿ ಬರೆಯಿರಿ.